ಯಾರದೂ ಅಲ್ಲದ ಚೀಟಿ

29 ಜುಲೈ 2025, ಮಂಗಳವಾರ. ನಾಗರ ಪಂಚಮಿ

ಮೈದುನ ಸಚಿನನ ಹೆಂಡತಿಯನ್ನು ತವರಿಗೆ ಕರೆದೊಯ್ಯಲು ದಾಂಡೇಲಿ ಆಚೆಯ ರಾಮನಗರದಿಂದ ಅವಳ ಅಣ್ಣ ಮೌನೇಶ ಬೆಳಗಾಗುತ್ತಲೇ ಬಂದ. ಕಾರು ತಂದಿದ್ದ. ಮನೆ ಮುಂದೆ ನಿಲ್ಲಿಸಿ ಹಾರ್ನ್ ಬೇರೆ ಹೊಡೆದ, ಓಣಿಗೆಲ್ಲ ಗೊತ್ತಾಗಲಿ ಎಂದು. ಅತ್ತೆ ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ ಹಾಕಿಕೊಟ್ಟರು. ಆ ಉಂಡಿ ಕಟ್ಟಿದ್ದು ಯಾರು? ನಾನು. ಬೆಲ್ಲದ ಪಾಕದ ಮುಂದೆ ನಿಂತು ಕೈ ಸುಟ್ಟುಕೊಂಡದ್ದು ಯಾರು? ನಾನು. ಕಾರಿನಲ್ಲಿ ಕೂತು ಕೈ ಬೀಸಿದ್ದು ಮಾತ್ರ ಆಕೆ.

ನನ್ನನ್ನು ಕರೆಯಲು ಬರುವವರಿಲ್ಲ. ಅಪ್ಪ ಅವ್ವ ಇಬ್ಬರೂ ಹೋದರು. ಅಣ್ಣ ತಮ್ಮ ಎಂಬುದು ಮೊದಲೇ ಇಲ್ಲ. ಪಂಚಮಿ ಬಂದರೆ ನಾನು ಅಂಗಡಿಯಲ್ಲಿ ಕೂರುತ್ತೇನೆ. ಮೊದಲೆಲ್ಲ ಅತ್ತೆ ಗುರುಸಿದ್ದವ್ವ "ಪಾಪ" ಎನ್ನುತ್ತಿದ್ದರು. ಈಗ ಅದೂ ಇಲ್ಲ, ಅಂಗಡಿಯ ಕೀಲಿ ಕೊಡುತ್ತಾರೆ.

ಈ ಡೈರಿ ಜನವರಿಯಿಂದ ಡ್ರಾವರಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ತೆಗೆದೆ. ಯಾರಿಗಾದರೂ ಹೇಳಿಕೊಂಡರೆ ದ್ರಾಕ್ಷಾಯಣಿಗೆ ನೆಗೆಣ್ಣಿ ಮೇಲೆ ಹೊಟ್ಟೆಕಿಚ್ಚು ಅಂದಾರು. ಮೈದುನನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚುಪಡುವಷ್ಟು ನನಗೇನು ಕಡಿಮೆಯಾಗಿದೆ?

ಕಡಿಮೆಯಾಗಿಲ್ಲ ಎಂದು ಬರೆದು ಮುಗಿಸುವಷ್ಟರಲ್ಲಿ ಮಾವ ಬಂದರು. ಹಳಿಯಾಳದ ಪೇಟೆಯಲ್ಲಿ ಅವರದು ಹಳೆಯ ತಕ್ಕಡಿ ರಿಪೇರಿ ಅಂಗಡಿ. ಈಗ ಲಾರಿ, ಟ್ರ್ಯಾಕ್ಟರು ಹತ್ತಿ ನಿಲ್ಲುವ ದೊಡ್ಡ ಕಾಟಾ ಕೂರಿಸುತ್ತೇವೆ. ಕಬ್ಬಿಣದ ಕೆಲಸ ನನ್ನ ಗಂಡ ಸಿದ್ದಲಿಂಗನದು ಮತ್ತು ಸಚಿನನದು. ಒಳಗೆ ಓಡುವ ಪ್ರೋಗ್ರಾಮು ನನ್ನದು. ಗಾಡಿ ಹತ್ತಿದರೆ ತೂಕ ಹಿಡಿಯುವುದು, ಖಾಲಿ ಗಾಡಿಯ ತೂಕ ಕಳೆಯುವುದು, ಚೀಟಿ ಹೊಡೆಯುವುದು. ಬಿ.ಇ. ಓದಿ ಬಂದು ರೊಟ್ಟಿ ಬಡಿಯುತ್ತ ಕೂತಿದ್ದ ಹೊಸ ಸೊಸೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಬ್ಬಳೇ ಬರೆದದ್ದು. ದಾಂಡೇಲಿಯ ಕಟ್ಟಿಗೆ, ಹಳಿಯಾಳದ ಕಬ್ಬು, ಮುಂಡಗೋಡದ ಗೋವಿನಜೋಳ, ಎಲ್ಲ ನನ್ನ ಚೀಟಿಯ ಮೇಲೆಯೇ ಮಾರಾಟವಾಗುತ್ತವೆ. ಈ ಮನೆಯಲ್ಲಿ ನನ್ನದು ಅನ್ನುವುದು ಅದೊಂದೇ.

ಮಾವ ಕುರ್ಚಿ ಎಳೆದುಕೊಂಡು ಹೇಳಿದರು, "ನೋಡವಾ, ಒಬ್ಬ ವ್ಯಾಪಾರಸ್ತ ಹಸಿ ಮಾಲಿಗೆ ಎಷ್ಟು ತೂಕ ಕಡೀಬೇಕು ಅಂತ ನಿಯಮ ಬದಲಿ ಮಾಡಿದ್ರ ನೀ ಪ್ರೋಗ್ರಾಮ್ ಎಲ್ಲಾ ಮತ್ತ ಕಟ್ಟಬೇಕು. ಸಚಿನ ಪೆನ್‌ಡ್ರೈವ್ ತಗೊಂಡು ಅಲ್ಲೀತನಾ ಬೈಕ್ ಹೊಡೀಬೇಕು. ಸೀಜನ್ನಿನಾಗ ಎಲ್ಲಾ ನಿನ್ನ ಹಂತ್ಯಾಕ ಬಂದು ನಿಂದರತೈತಿ. ಅದೇನೋ ಸ್ಕ್ರಿಪ್ಟ್ ಇಂಜಿನ್ ಅಂತಾರಲ್ಲ, ಅದನ್ನ ಒಳಗ ಕೂಡಸು. ಸಣ್ಣ ಸೊಸಿ ಸ್ವಪ್ನಾ ಕಲತಾಕಿ ಅದಾಳ. ನಿಯಮ ಎಲ್ಲಾ ಆಕಿ ಬರೀಲಿ."

ಎಲ್ಲ ನನ್ನ ಹತ್ತಿರ ಬಂದು ನಿಲ್ಲುತ್ತದಂತೆ. ಇಷ್ಟು ವರ್ಷ ಎಲ್ಲ ನನ್ನ ಹತ್ತಿರ ಬಂದು ನಡೆದದ್ದು ಅವರಿಗೆ ಕಾಣಲಿಲ್ಲ.

4 ಆಗಸ್ಟ್, ಸೋಮವಾರ

ಬಂದಳು. ತವರಿನಿಂದ ನನಗೆಂದು ಬೇರೆ ಡಬ್ಬಿ. "ಅಕ್ಕಾ, ಅವ್ವ ನಿಮಗಂತನ ಕಟ್ಯಾಳ, ಬೇಸನ್ ಉಂಡಿ." ಒಂದು ತಿಂದು ನೋಡಿದೆ. ಚೆನ್ನಾಗಿತ್ತು. ಅದಕ್ಕೇ ಡಬ್ಬಿಯನ್ನು ಹಾಗೇ ಒಯ್ದು ವೆಲ್ಡಿಂಗ್ ಹುಡುಗರಿಗೆ ಕೊಟ್ಟುಬಿಟ್ಟೆ.

ನಂತರ ನನ್ನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಆಕೆಯ ಮಾತಿನ ನಡುವೆ ಮರಾಠಿ ಜಾರುತ್ತದೆ. "ಅಕ್ಕಾ, ಖರೇ ಹೇಳತೇನಿ, ನಾ ದಿವಸಭರ ಮನ್ಯಾಗ ಕುಂದ್ರಲಾರೆ. ಇವರು ಲಗ್ನಕ್ಕ ಮೊದಲ ಮಾತು ಕೊಟ್ಟಾರ, ಅಂಗಡ್ಯಾಗ ಒಂದು ಕುರ್ಚಿ ನಿನಗ ಅಂತ. ಅಷ್ಟ ಸಾಕು ನನಗ."

ಅಷ್ಟೇ ಸಾಕಂತೆ! ಆ ಕುರ್ಚಿ ಯಾವುದರ ಪಕ್ಕದಲ್ಲಿ ಬರುತ್ತದೆ ಎಂದು ಯಾರಾದರೂ ಅಳತೆ ಮಾಡಿದ್ದಾರೆಯೇ?

ಮಾಡಬೇಕಾದ ಕೆಲಸವೇನೋ ನನಗೆ ಗೊತ್ತು. ನನ್ನ ಪ್ರೋಗ್ರಾಮಿನ ಒಳಗೆ ಗಾಡಿ, ತೂಕ, ಚೀಟಿ ಎಂಬ ಆಬ್ಜೆಕ್ಟುಗಳಿವೆ. ಹೊರಗಿನವರಿಗೆ ಅವು ಕಾಣುವುದಿಲ್ಲ. ಹೊರಗೆ ಬರೆದ ನಿಯಮಗಳನ್ನು ಓದಿ ನಡೆಸುವ ಸ್ಕ್ರಿಪ್ಟ್ ಇಂಜಿನ್ನನ್ನು ಒಳಗೆ ಕೂರಿಸಿ, ಅವುಗಳನ್ನು ಒಂದೊಂದಾಗಿ ಅದಕ್ಕೆ ತೆರೆದು ತೋರಿಸಬೇಕು. ಆಮೇಲೆ ಸ್ಕ್ರಿಪ್ಟ್ ಬರೆಯುವವರು ಗಾಡಿಯ ನಂಬರು ಕೇಳಬಹುದು, ತೂಕ ಓದಬಹುದು, ಚೀಟಿಯ ಮೇಲೆ ಬರೆಯಬಹುದು. ನಾನು ಎಷ್ಟು ತೆರೆದರೆ ಅಷ್ಟು. ತೆರೆಯುವ ಕೈ ನನ್ನದು, ಇದೊಂದು ಸಮಾಧಾನ.

20 ಆಗಸ್ಟ್, ಬುಧವಾರ

ಇಂಜಿನ್ ಕೂತಿತು. ಗಾಡಿಯನ್ನೂ ತೂಕವನ್ನೂ ತೆರೆದುಕೊಟ್ಟೆ. ನೋಡಬಹುದು, ಮುಟ್ಟಬಾರದು, ಹಾಗೆ.

"ಅಕ್ಕಾ, ಚೀಟಿ?"

"ಅದು ಬ್ಯಾಡ."

"ಕಡಿತ ಮಾಡಿದ ಲೆಕ್ಕ ಚೀಟಿ ಮ್ಯಾಲೆ ಬರಬೇಕಲ್ಲರೀ ಅಕ್ಕಾ?"

"ನೀ ಲೆಕ್ಕ ಹೇಳು. ಬರೀಲಿಕ್ಕೆ ನಾ ಅದೇನಿ."

ಸುಮ್ಮನಾದಳು. ವಾದ ಮಾಡಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ. ಇದು ಸುಮ್ಮನಾಗುವ ಜಾತಿ, ಇದರ ಹತ್ತಿರ ಜಗಳವನ್ನೂ ಆಡಲಾಗದು.

ರಾತ್ರಿ ಊಟಕ್ಕೆ ಆಕೆಯದೇ ರೊಟ್ಟಿ. ಅನ್ನ ಉಂಡು ಬೆಳೆದ ಊರಿನವಳು, ರೊಟ್ಟಿ ಅಂಗೈ ದಪ್ಪ. ನಾನು ಗಂಡನಿಗೆ ಕಣ್ಣಲ್ಲೇ ತೋರಿಸಿದೆ. ಆತ ನಗಲಿಲ್ಲ. ಅತ್ತೆ ಮಾತ್ರ ಹಾಲಿನಲ್ಲಿ ಮುರಿದು ಹಾಕಿಕೊಂಡು, "ಹಲ್ಲಿಲ್ಲದಾಕಿಗೆ ಇದ ಛಲೋ ನೋಡ, ಮೆತ್ತಗೈತಿ" ಅಂದರು. ಇಷ್ಟು ವರ್ಷ ಹಾಳೆಯಂಥ ರೊಟ್ಟಿ ಬಡಿದೆ. ಒಂದು ದಿನವಾದರೂ ಛಲೋ ಅಂದರೇ? ತಿಂದರು, ಎದ್ದರು.

11 ಸೆಪ್ಟೆಂಬರ್, ಗುರುವಾರ

ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ. ಇಲ್ಲಿ ಬರೆಯದಿದ್ದರೆ ಯಾರ ಮೇಲಾದರೂ ಉಗುಳಿಬಿಡುತ್ತೇನೆ.

ಮಳಗಿಯ ಮಹಾಬಳೇಶ್ವರ ನಮ್ಮ ದೊಡ್ಡ ಗಿರಾಕಿ. ಮುಂಡಗೋಡದ ಆಚೆ, ಟಿಬೆಟನ್ ಕಾಲೊನಿಗೆ ಹೋಗುವ ರಸ್ತೆಯಲ್ಲಿ ಅವನ ಕಾಟಾ ಇದೆ. ಗೋವಿನಜೋಳದ ಸೀಜನ್ನು ಬಂದರೆ ಅಲ್ಲಿ ಟ್ರ್ಯಾಕ್ಟರುಗಳ ಪಾಳಿ ರಸ್ತೆಗೇ ಬರುತ್ತದೆ. ಈ ಸಲ ಹಸಿಗೆ ತಕ್ಕಂತೆ ಮೂರು ಥರ ಕಡಿತ ಬೇಕೆಂದು ಹೇಳಿದ್ದ. ನನಗಾದರೆ ಬರೆದು, ಕಟ್ಟಿ, ಸಚಿನನನ್ನು ಓಡಿಸಿ, ವಾರವಾಗುತ್ತಿತ್ತು. ಆಕೆ ಮಧ್ಯಾಹ್ನ ಚಹಾ ಕುಡಿಯುತ್ತ ಬರೆದಳು, ಫೋನಿನಲ್ಲೇ ಕಳಿಸಿದಳು. ಅಲ್ಲಿ ಅವರು ಫೈಲನ್ನು ಒಂದು ಫೋಲ್ಡರಿಗೆ ಹಾಕಿದರು, ಮುಗಿಯಿತು.

ಸಂಜೆ ಮಹಾಬಳೇಶ್ವರ ಅಂಗಡಿಗೆ ಫೋನ್ ಮಾಡಿದ. ನಾನೇ ಎತ್ತಿದೆ.

"ಯಾರು, ದೊಡ್ಡ ಬಾಯಾರ ಏನು? ಸಣ್ಣ ಬಾಯಾರಿಗೆ ಕೊಡ್ರಿ."

"ನನಗ ಹೇಳ್ರಿ, ಪ್ರೋಗ್ರಾಮ್ ನಂದ ಐತಿ."

"ಅಲ್ರೀ, ಅವರು ಭಾಳ ಲಗೂ ಮಾಡಿಕೊಡತಾರ. ಅವರಿಗೇ ಕೊಡ್ರಿ."

ಕೊಟ್ಟೆ. ಫೋನನ್ನು ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟು ಎದ್ದುಬಂದೆ. ಹಿತ್ತಲಿನಲ್ಲಿ ಪಾತ್ರೆ ತಿಕ್ಕಿದೆ, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ದೊಡ್ಡ ಬಾಯಾರಂತೆ, ಹಿರಿಯ ಅಮ್ಮಾವರಂತೆ!

19 ಸೆಪ್ಟೆಂಬರ್, ಶುಕ್ರವಾರ

ಈಗ ಚೀಟಿಗೇ ಬಂತು.

ಕಾಲೊನಿಯ ರೈತರು ಮಹಾಬಳೇಶ್ವರನ ಕಾಟಾಕ್ಕೆ ಜೋಳ ತರುತ್ತಾರೆ. ಅಲ್ಲಿಯ ಅಜ್ಜಿಯೊಬ್ಬಳಿಗೆ ತನ್ನ ಭಾಷೆಯ ಅಂಕಿ ಬಿಟ್ಟರೆ ಬೇರೆ ಬಾರದು. ಪ್ರತಿ ವರ್ಷ ಚೀಟಿ ಹಿಡಿದುಕೊಂಡು ಅವರಿವರನ್ನು ಕೇಳುತ್ತಾಳೆ, ಕೇಳಿದರೂ ನಂಬುವುದಿಲ್ಲ. ಹಿಂದೊಮ್ಮೆ ಮಹಾಬಳೇಶ್ವರ ಇದನ್ನು ಹೇಳಿದಾಗ, ಆಗುವುದಿಲ್ಲ ಎಂದು ನಾನು ಕೈ ತೊಳೆದುಕೊಂಡಿದ್ದೆ. ಈ ಸಲ ನೆಗೆಣ್ಣಿ ಮಾವನ ಮುಂದೆಯೇ, "ಆಗತೈತ್ರಿ ಮಾವಾರ, ಆ ಅಂಕಿಯ ಫಾಂಟ್ ಸಿಗತೈತಿ. ಚೀಟಿ ತೆರೆದ್ರ ಎರಡು ತಾಸಿನ ಕೆಲಸ" ಅಂದಳು. ಮಾವ ನನ್ನ ಕಡೆ ತಿರುಗಿದರು. "ತೆಗೆದು ಕೊಡು" ಅಂದರು, ಕಪಾಟಿನ ಬಾಗಿಲು ತೆಗೆ ಎಂದಂತೆ.

ಚೀಟಿ ಅಂದರೆ ಏನು ಗೊತ್ತೇ ಇವರಿಗೆ? ಅದರ ಮೇಲಿನ ಅಂಕಿಗೆ ಒಪ್ಪಿಗೆ ತರಲು ನಾನು ಎಷ್ಟು ಸಲ ಅಳತೆ ಇಲಾಖೆಯ ಮೆಟ್ಟಿಲು ಹತ್ತಿದ್ದೇನೆ. ನನ್ನ ಅವ್ವ ಆಸ್ಪತ್ರೆಯಲ್ಲಿದ್ದಾಗ ಅವಳ ಕಾಲ ಬುಡದಲ್ಲಿ ಕೂತು ಆ ಭಾಗ ಬರೆದೆ. ಅದನ್ನು ಈ ನಿನ್ನೆ ಮೊನ್ನೆ ಬಂದವಳಿಗೆ ತೆರೆದಿಡಬೇಕಂತೆ.

20 ಸೆಪ್ಟೆಂಬರ್, ಶನಿವಾರ

ಕೊಟ್ಟೆ, ಆದರೆ ಕೊಡಲಿಲ್ಲ!

ಅಸಲಿ ಚೀಟಿಯ ಮುಂದೆ ಅದರ ಹಾಗೆಯೇ ಕಾಣುವ ಒಂದು ನಕಲಿ ಆಬ್ಜೆಕ್ಟು ಮಾಡಿ ನಿಲ್ಲಿಸಿದೆ. ಆಕೆ ಬರೆದದ್ದೆಲ್ಲ ಅದರ ಮೇಲೆ ಬೀಳುತ್ತದೆ. ಅದರಲ್ಲಿ ನನಗೆ ಸರಿ ಕಂಡಷ್ಟನ್ನು ಮಾತ್ರ ನನ್ನ ಕೋಡು ಎತ್ತಿ ಅಸಲಿಗೆ ಹಾಕುತ್ತದೆ. ತನ್ನ ಕೈ ಚೀಟಿಯ ಮೇಲಿದೆ ಎಂದು ತಿಳಿದುಕೊಂಡಿರಲಿ. ಅವಸರದಲ್ಲಿ ಬರೆದೆ, ಆದರೂ ಬರೋಬ್ಬರಿ ಓಡಿತು. ಎಷ್ಟೋ ದಿನದ ಮೇಲೆ ಹಾಯಾಗಿ ಊಟ ಮಾಡಿದೆ.

1 ಅಕ್ಟೋಬರ್, ಬುಧವಾರ. ಖಂಡೇಪೂಜೆ

ಅಂಗಡಿಯಲ್ಲಿ ತಕ್ಕಡಿ, ಕಲ್ಲು, ವೆಲ್ಡಿಂಗ್ ಮಶೀನು ಎಲ್ಲಕ್ಕೂ ಪೂಜೆ. ಎರಡೂ ಕಂಪ್ಯೂಟರಿಗೆ ಮಾವ ವಿಭೂತಿ ಹಚ್ಚಿದರು. ಆಕೆಯದಕ್ಕೆ ಚೆಂಡುಹೂವಿನ ಮಾಲೆ, ನನ್ನದಕ್ಕೆ ಬಿಡಿ ಹೂವು. ಹೂವು ಕಡಿಮೆ ಬಿತ್ತಂತೆ. ಯಾವಾಗಲೂ ಕಡಿಮೆ ಬೀಳುವುದು ನನ್ನ ಕಡೆಗೇ.

ಅಜ್ಜಿಯ ಅಂಕಿಯ ಚೀಟಿ ನಿನ್ನೆಯಿಂದ ಶುರುವಾಗಿದೆ. ಮಹಾಬಳೇಶ್ವರ ಫೋನ್ ಮಾಡಿ ನಕ್ಕದ್ದೇ ನಕ್ಕದ್ದು. ಅಜ್ಜಿ ಜೀವಮಾನದಲ್ಲಿ ಮೊದಲ ಸಲ ತಾನೇ ಚೀಟಿ ಓದಿ, ಹಸಿಗೆ ಇಷ್ಟು ಕಡಿತ ಯಾಕೆ ಎಂದು ಕಾಟಾದ ಮೇಲೇ ನಿಂತು ಜಗಳ ತೆಗೆದಳಂತೆ. ಹಿಂದಿನ ಟ್ರ್ಯಾಕ್ಟರಿನವರೆಲ್ಲ ಇಳಿದು ಬಂದು ನೋಡಿದರಂತೆ. ಎಲ್ಲರಿಗೂ ನಗು, ಸ್ವಪ್ನಾ ಸ್ವಪ್ನಾ ಎಂದು ಒಂದೇ ಜಪ. ನನಗೂ ನಗು ಬಂತು. ಕೆಮ್ಮಿದೆ.

7 ಅಕ್ಟೋಬರ್, ಮಂಗಳವಾರ. ಸೀಗಿ ಹುಣ್ಣಿಮೆ

ಎಲ್ಲರೂ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋದರು. ತಲೆನೋವು ಅಂದೆ. ನೋವೇನೂ ಇರಲಿಲ್ಲ. ಆಕೆ ನನಗೆಂದು ಬುತ್ತಿ ಎತ್ತಿಟ್ಟು ಹೋಗಿದ್ದಳು. ಉಂಡೆ.

25 ಅಕ್ಟೋಬರ್, ಶನಿವಾರ

ದೀಪಾವಳಿ ಮುಗಿದು ಜೋಳದ ಸೀಜನ್ನು ಏರಿತು. ಇವತ್ತು ಮಹಾಬಳೇಶ್ವರನ ಕಾಟಾದಲ್ಲಿ ಪ್ರೋಗ್ರಾಮು ಬಿತ್ತು. ಗಾಡಿ ಕಾಟಾದ ಮೇಲೆ ಇರುವಾಗಲೇ ಪರದೆ ಮಾಯವಾಯಿತಂತೆ. ಮತ್ತೆ ಹಚ್ಚಿದರು, ಸ್ವಲ್ಪ ಹೊತ್ತು ಓಡಿತು, ಮತ್ತೆ ಬಿತ್ತು. ಹೊತ್ತು ಮುಳುಗುವವರೆಗೆ ಇದೇ ಕತೆ.

ಇಷ್ಟು ವರ್ಷ ನನ್ನ ಪ್ರೋಗ್ರಾಮು ಒಂದು ಸಲವೂ ಹೀಗೆ ಬಿದ್ದದ್ದಿಲ್ಲ. ಗಂಡ ಅಂದ, "ಆಕಿ ಸ್ಕ್ರಿಪ್ಟ್ ಹಾಕಿದ ಮ್ಯಾಲೇ ನೋಡು ಇದು." ನಾನು "ನೋಡೂಣು" ಅಂದೆ, ಅಷ್ಟೇ. ಹೊರಗೆ ಅಷ್ಟೇ ಅಂದೆ. ಒಳಗೆ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ, ಬಹಳ ಖುಷಿಯಾಯಿತು.

27 ಅಕ್ಟೋಬರ್, ಸೋಮವಾರ

ಮತ್ತೆ ಬಿತ್ತು. ಟ್ರ್ಯಾಕ್ಟರಿನವರು ಮಹಾಬಳೇಶ್ವರನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಹುಬ್ಬಳ್ಳಿಯಿಂದ ಬೇರೆಯವರನ್ನು ಕರೆಸುತ್ತೇನೆ ಎಂದು ಅವನು ಮಾವನಿಗೆ ನೇರವಾಗಿ ಹೇಳಿದ.

ಊಟಕ್ಕೆ ಕೂತಾಗ ಮಾವ ತೀರ್ಪು ಕೊಟ್ಟರು. "ಸ್ಕ್ರಿಪ್ಟು ಪಿಸ್ಕ್ರಿಪ್ಟು ಸಾಕು. ದ್ರಾಕ್ಷಾಯಣಿ, ನಾಳೆ ನೀ ಹೋಗಿ ಹಳೇದು ಹಾಕಿ ಬಾ. ಸ್ವಪ್ನಾ, ನೀ ಇನ್ನ ಅಂಗಡಿಗೆ ಬರೂದು ಬ್ಯಾಡವಾ. ಮನ್ಯಾಗ ಅತ್ತಿ ಕೈಯಾಗ ಕೆಲಸ ಮಾಡು."

ಸಚಿನ ತಟ್ಟೆಯಿಂದ ತಲೆ ಎತ್ತಲಿಲ್ಲ. ಲಗ್ನಕ್ಕೆ ಮೊದಲು ಮಾತು ಕೊಟ್ಟವನು! ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಒಂದೂ ದಪ್ಪವಿರಲಿಲ್ಲ. ಎಲ್ಲ ತೆಳ್ಳಗೆ, ನನ್ನ ರೊಟ್ಟಿಯ ಹಾಗೆ. ಯಾವಾಗ ಕಲಿತಳೋ. ಅತ್ತೆ ಒಂದು ಮುರಿದು ಹಾಲಿಗೆ ಹಾಕಿ ಬಿಟ್ಟುಬಿಟ್ಟರು.

ನಾನು ಬೇಕೆಂದದ್ದೇ ಆಯಿತು. ನಾಳೆಯಿಂದ ಪಕ್ಕದ ಸ್ಟೂಲ್ ಖಾಲಿ. ಊಟ ಯಾಕೋ ಸೇರಲಿಲ್ಲ, ಬಿಸಿಲಿಗೆ ಪಿತ್ತ ಏರಿರಬೇಕು.

28 ಅಕ್ಟೋಬರ್, ಮಂಗಳವಾರ

ಎಲ್ಲವನ್ನೂ ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಅಂಗಡಿಯ ಪಿಕಪ್ ಗಾಡಿಯಲ್ಲಿ ಸಚಿನನ ಜೊತೆ ಮುಂಡಗೋಡಕ್ಕೆ ಹೋದೆ. ದಾರಿಯಲ್ಲಿ ಅವನು ಒಂದೇ ಮಾತಾಡಿದ: "ವೈನಿ, ಆಕಿ ರಾತ್ರಿ ಎಲ್ಲಾ ಅತ್ತಾಳ್ರಿ." ನಾನು ಕಿಟಕಿಯ ಗಾಜು ಏರಿಸಿದೆ.

ಹಳೆಯ ಪ್ರೋಗ್ರಾಮು ಹಾಕಿಬರುವುದು ಹತ್ತು ನಿಮಿಷದ ಕೆಲಸ. ಆದರೆ ನನ್ನ ಮನಸ್ಸಿನಲ್ಲಿ ಬೇರೆಯಿತ್ತು. ಸುಮ್ಮನೆ ತೆಗೆದು ಹಾಕಿದರೆ ನಾಲ್ಕು ತಿಂಗಳಿಗೆ ಮಾವನಿಗೆ ಮತ್ತೆ ಅದೇ ಹುಚ್ಚು ಹತ್ತುತ್ತದೆ. ಆಕೆಯ ಸ್ಕ್ರಿಪ್ಟಿನ ಯಾವ ಸಾಲಿನಲ್ಲಿ ಬೀಳುತ್ತದೆ ಎಂದು ಹಿಡಿದು, ಬರೆದುಕೊಂಡು ಬಂದು, ಮಾವನ ತಟ್ಟೆಯ ಪಕ್ಕದಲ್ಲಿ ಇಡಬೇಕು ಎಂದುಕೊಂಡಿದ್ದೆ. ಬಿದ್ದ ಜಾಗ ತೋರಿಸುವ ವ್ಯವಸ್ಥೆಯನ್ನು ಲ್ಯಾಪ್‌ಟಾಪಿನಲ್ಲಿ ಮಾಡಿಕೊಂಡೇ ಹೋಗಿದ್ದೆ.

ಟ್ರ್ಯಾಕ್ಟರುಗಳು ರಸ್ತೆಯ ತಿರುವಿನವರೆಗೆ ನಿಂತಿದ್ದವು. ಕ್ಯಾಬಿನ್ನಿನಲ್ಲಿ ಲ್ಯಾಪ್‌ಟಾಪನ್ನು ಕಾಟಾಕ್ಕೆ ಜೋಡಿಸಿ ಕೂತೆ. ಕಿಟಕಿಯಲ್ಲಿ ಒಬ್ಬ ಮುದುಕಿ ಇಣುಕಿದಳು, ಉದ್ದನೆಯ ಚುಪಾ ನಿಲುವಂಗಿ, ಸೊಂಟದ ಮುಂದೆ ಕಟ್ಟಿದ ಪಟ್ಟೆ ಪಟ್ಟೆಯ ಬಟ್ಟೆ, ಕೈಯಲ್ಲಿ ಜಪಮಣಿ. ಜಗಳದ ಅಜ್ಜಿ ಇವಳೇ ಎಂದು ಹೇಳಬೇಕಾಗಿರಲಿಲ್ಲ.

"ನಮ್ಮ ಅಂಕಿ ಮಾಡಿದ ಹುಡುಗಿ ನೀನಾ?" ಅಂದಳು.

ಹೌದು ಎನ್ನಬೇಕೆಂದು ಬಾಯಿಗೇ ಬಂದಿತ್ತು. ಮಹಾಬಳೇಶ್ವರ ಪಕ್ಕದಲ್ಲೇ ನಿಂತಿದ್ದ. "ಅಲ್ಲ" ಅಂದೆ. ಅಜ್ಜಿ ತಕ್ಷಣ ತಲೆ ಹೊರಗೆಳೆದುಕೊಂಡಳು, ಹಾಗಾದರೆ ನಿನ್ನ ಹತ್ತಿರ ಏನು ಮಾತು ಎಂಬ ಹಾಗೆ.

ಗಾಡಿಗಳು ಹತ್ತಿದವು, ಇಳಿದವು. ಎಲ್ಲ ಸರಿಯಾಗಿತ್ತು. ಪಾಳಿ ಅರ್ಧ ಕರಗುವಷ್ಟರಲ್ಲಿ, ಅಜ್ಜಿಯ ಟ್ರ್ಯಾಕ್ಟರು ಕಾಟಾದ ಮೇಲಿರುವಾಗಲೇ ಬಿತ್ತು. ಹೊರಗೆ ಕೂಗಾಟ ಶುರುವಾಯಿತು. ನಾನು ಲ್ಯಾಪ್‌ಟಾಪಿಗೆ ಬಗ್ಗಿದೆ.

ಬಿದ್ದದ್ದು ಆಕೆಯ ಸಾಲಿನಲ್ಲಲ್ಲ. ನನ್ನ ಸಾಲಿನಲ್ಲಿ. ನಕಲಿ ಚೀಟಿಯ ಮೇಲಿನದನ್ನು ಎತ್ತಿ ಅಸಲಿಗೆ ಹಾಕುವ ಸಾಲು. ಎತ್ತಲು ಹೋದಾಗ ಅಲ್ಲಿ ನಕಲಿ ಚೀಟಿಯೇ ಇರಲಿಲ್ಲ.

ನಾನು ಅಳಿಸಿಲ್ಲ. ಆಕೆಯ ಸ್ಕ್ರಿಪ್ಟಿನಲ್ಲೂ ಅಳಿಸುವ ಮಾತೇ ಇಲ್ಲ. ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದೆ. ಅಚ್ಚುಕಟ್ಟಾಗಿತ್ತು, ಮೇಲೆ "ಅಕ್ಕನ ತೂಕ ಮುಟ್ಟಬಾರದು" ಎಂದು ತನಗೆ ತಾನೇ ಬರೆದುಕೊಂಡಿದ್ದಳು. ಹೊರಗೆ ಮಹಾಬಳೇಶ್ವರ "ಬಾಯಾರ, ಹಳೇದ ಹಾಕ್ರಿ, ಮುಗೀಲಿ" ಎಂದು ಬಾಗಿಲು ಬಡಿಯುತ್ತಿದ್ದ. ಹಾಕಿಬಿಡಬಹುದಿತ್ತು. ಹಾಕಿದ್ದರೆ ಇದು ನನಗೆ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮನೆಗೆ ಫೋನ್ ಹಚ್ಚಿದೆ. ಆಕೆಯೇ ಎತ್ತಿದಳು.

"ಚೀಟಿ ಅಂತ ನಿನಗ ಕೊಟ್ಟೇನಲ್ಲ, ಅದು..."

"ನಕಲಿ ಐತಿ, ಗೊತ್ತೈತ್ರಿ ಅಕ್ಕಾ."

"ಯಾವಾಗ ಗೊತ್ತಾತು?"

"ಎರಡನೇ ದಿನಾನ. ನಾ ಬರೆದದ್ದು ಒಂದು ಉಳೀತಿತ್ತು, ಒಂದು ಉಳೀತಿರಲಿಲ್ಲ."

"ಮತ್ತ ಮಾವಾರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ಅವರು ನಿಮ್ಮ ಕೈಲೆ ಅಸಲಿ ತೆಗೆಸಿ ಕೊಡತಿದ್ರು. ಆಮ್ಯಾಲೆ ನೀವು ನನ್ನ ಸಂಗಾಟ ಜನ್ಮದಾಗ ಮಾತಾಡತಿರಲಿಲ್ಲ. ನೀವಾಗೇ ಕೊಟ್ರ ಕೊಡ್ರಿ ಅಂತ ಇದ್ದೆ."

ನಾನು ಸಿಟ್ಟಿನಲ್ಲೇ ಕೇಳಿದೆ, "ಆದ್ರ ಅದು ಮಾಯ ಹೆಂಗಾಗತೈತಿ? ಹೇಳು ನೋಡೂಣು, ಭಾಳ ಶಾಣ್ಯಾಕಿ ಇದ್ದಿ."

"ಅಕ್ಕಾ, ಅದನ್ನ ಇಂಜಿನ್ನಿಗೆ ಕೊಡುವಾಗ, ಯಾರದು ಅಂತ ಬರದೀರಿ?"

ಅಷ್ಟು ಕೇಳಿದ್ದೇ ತಡ, ನನಗೆ ಎಲ್ಲ ಹೊಳೆಯಿತು. ಒಳಗಿನ ಆಬ್ಜೆಕ್ಟನ್ನು ಸ್ಕ್ರಿಪ್ಟ್ ಇಂಜಿನ್ನಿನ ಕೈಗೆ ಕೊಡುವಾಗ, ಇದು ನಮ್ಮ ಪ್ರೋಗ್ರಾಮಿನದು, ನೀನು ಬಿಸಾಡಬೇಡ ಎಂದು ಹೇಳಿ ಕೊಡಬೇಕು. ಗಾಡಿಗೆ ಹೇಳಿದ್ದೆ, ತೂಕಕ್ಕೆ ಹೇಳಿದ್ದೆ. ಹೇಳದಿದ್ದರೆ ಇಂಜಿನ್ನು ಅದನ್ನು ತನ್ನದೇ ಎಂದು ತಿಳಿಯುತ್ತದೆ. ಗಾಡಿಗಳು ಕಡಿಮೆ ಇದ್ದಾಗ ತಂಟೆಯಿಲ್ಲ. ಪಾಳಿ ಹತ್ತಿ ಒಳಗೆ ಜಾಗ ತುಂಬಿದಾಗ ಕಸ ಗುಡಿಸಲು ಏಳುತ್ತದೆ, ಆ ಹೊತ್ತಿನಲ್ಲಿ ಸ್ಕ್ರಿಪ್ಟಿಗೆ ಬೇಡವಾದದ್ದನ್ನೆಲ್ಲ ಗುಡಿಸಿ ಹೊರಗೆ ಹಾಕುತ್ತದೆ. ನಕಲಿ ಚೀಟಿಗೆ ನಾನು ಏನೂ ಹೇಳಿರಲಿಲ್ಲ. ಆಕೆಗೆ ಸಿಗಬಾರದು ಎಂಬ ಅವಸರದಲ್ಲಿ, ಅದು ಯಾರದು ಎಂದು ಬರೆಯುವುದನ್ನೇ ಮರೆತಿದ್ದೆ.

"ಯಾರದೂ ಅಲ್ಲ ಅಂತ ಬಿಟ್ಟೀನಿ" ಅಂದೆ.

ಆ ಕಡೆಯಿಂದ ನಗುವಿನ ಸದ್ದೇನೂ ಬರಲಿಲ್ಲ. ಬಂದಿದ್ದರೆ ಫೋನ್ ಇಟ್ಟುಬಿಡುತ್ತಿದ್ದೆ. "ಒಂದು ಸಾಲು ಹಾಕ್ರಿ ಸಾಕು ಅಕ್ಕಾ" ಅಂದಳು, "ನಕಲಿ ನಕಲೀನ ಇರಲಿ. ಅಲ್ಲೆ ಮಂದಿ ನಿಂತಾರ."

ಒಂದು ಸಾಲು ಹಾಕಿದ್ದರೆ ನಿಜವಾಗಿಯೂ ಸಾಕಾಗುತ್ತಿತ್ತು. ನಾನು ನಕಲಿಯನ್ನೇ ಕಿತ್ತುಹಾಕಿದೆ. ಅಸಲಿ ಚೀಟಿಯನ್ನು ತೆರೆದೆ, ಇದು ನಮ್ಮದು ಎಂದು ಬರೆದು ಇಂಜಿನ್ನಿನ ಕೈಗೆ ಕೊಟ್ಟೆ. ಎರಡೆರಡು ಚೀಟಿ ಕಾಯುವ ರಗಳೆ ಯಾರಿಗೆ ಬೇಕು, ಅದಕ್ಕೆ ಹಾಗೆ ಮಾಡಿದೆ. ಬೇರೆ ಏನೂ ಇಲ್ಲ. ಸಾಲುಗಳನ್ನು ಫೋನಿನಲ್ಲಿ ಗಟ್ಟಿಯಾಗಿ ಓದುತ್ತ ಹೋದೆ, ಆಕೆ ಅಲ್ಲಿಂದ "ಹೂಂ, ಹೂಂ" ಅನ್ನುತ್ತಿದ್ದಳು. ಒಂದು ಕಡೆ "ಅಲ್ಲೆ ಅಲ್ರೀ, ಅದರ ಮ್ಯಾಲಿಂದು" ಅಂದಳು. ಸರಿಯಾಗಿತ್ತು.

ಹೊತ್ತು ಇಳಿಯುವವರೆಗೆ ಪಾಳಿ ನಡೆಯಿತು. ಬೀಳಲಿಲ್ಲ. ಅಜ್ಜಿ ತನ್ನ ಚೀಟಿ ಹಿಡಿದು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದಳು. ನಂತರ ಮತ್ತೆ ಕಿಟಕಿಗೆ ಬಂದಳು, ಕಡಿತ ಜಾಸ್ತಿ ಎನ್ನಲು. "ಅಜ್ಜಿ, ಅಂಕಿ ನಮ್ಮ ಸ್ವಪ್ನಾ ಮಾಡಿದ್ದು. ಜಗಳ ಆಕಿ ಸಂಗಾಟ ಮಾಡು. ಚೀಟಿ ಮಾತ್ರ ನಂದು" ಅಂದೆ.

ಮನೆಗೆ ಬಂದಾಗ ಮಾವ ಕಟ್ಟೆಯ ಮೇಲೇ ಕಾಯುತ್ತಿದ್ದರು. "ಹಳೇದು ಹಾಕಿದೇನವಾ?"

"ಇಲ್ಲರಿ. ಹೊಸಾದ ಐತಿ. ಬಿದ್ದದ್ದು ಸ್ವಪ್ನಾಂದಲ್ಲ, ನಂದು. ನಾ ಬೇಕಂತ ಒಂದು ಖೊಟ್ಟಿ ಚೀಟಿ ಮಾಡಿ ಕೊಟ್ಟಿದ್ದೆ. ಅದ ಬಿತ್ತು. ಕೇಳೂದಿದ್ರ ನನ್ನ ಕೇಳ್ರಿ. ಮತ್ತ ನಾಳಿಂದ ಆಕಿ ಅಂಗಡ್ಯಾಗ ಇರಬೇಕು, ನನಗ ಒಬ್ಬಾಕಿಗೆ ಈ ಸೀಜನ್ ಎಳಿಯೂದು ಆಗೂದಿಲ್ಲ."

ಒಳಗಿನಿಂದ ಅತ್ತೆ, "ಕೈಕಾಲು ತೊಕ್ಕೊಂಡು ಬರ್ರಿ, ರೊಟ್ಟಿ ಆರಾಕತ್ಯಾವು" ಎಂದು ಕೂಗಿದರು. ರೊಟ್ಟಿ ದಪ್ಪಗಿದ್ದವು. ಮೂರು ತಿಂದೆ. ಹಸಿವಾಗಿತ್ತು.

29 ಅಕ್ಟೋಬರ್, ಬುಧವಾರ

ಮಾವ ಎರಡು ಮಾತು ಬೈದರು. ಕೇಳಿಕೊಂಡೆ. ಗಂಡ "ಇದೆಲ್ಲಾ ಯಾಕ ಮಾಡಿದಿ?" ಅಂದ. ಹೂವು ಕಡಿಮೆ ಬಿತ್ತು, ಅದಕ್ಕೆ ಅಂದೆ. ಅವನಿಗೆ ತಿಳಿಯಲಿಲ್ಲ.

ಸ್ಟೂಲಿನಲ್ಲಿ ಕೂತು ಸ್ವಪ್ನಾಳ ಬೆನ್ನು ನೋಯುತ್ತದಂತೆ. ಒಳಗಿನ ಕೋಣೆಯ ಗಾದಿ ಕುರ್ಚಿ ಸುಮ್ಮನೆ ಬಿದ್ದಿತ್ತು, ತಂದು ಹಾಕಿಸಿದೆ. ನನ್ನದಕ್ಕಿಂತ ಒಳ್ಳೆಯ ಕುರ್ಚಿ. ಇರಲಿ, ನನಗೆ ಅದರಲ್ಲಿ ಕೂತರೆ ನಿದ್ದೆ ಬರುತ್ತದೆ.

3 ನವೆಂಬರ್, ಸೋಮವಾರ

ಗೌರಿ ಹುಣ್ಣಿಮೆಗೆಂದು ಮೌನೇಶ ಮತ್ತೆ ಬಂದ, ಕಾರು ತೆಗೆದುಕೊಂಡು, ಹಾರ್ನ್ ಹೊಡೆದುಕೊಂಡು. ಸೀಜನ್ನು ತುಂಬಿ ಹರಿಯುತ್ತಿರುವಾಗ ಇವನಿಗೆ ತಂಗಿಯ ನೆನಪಾಗುತ್ತದೆ. ಪಂಚಮಿಗೆ ಒಯ್ದಿದ್ದ, ದೀಪಾವಳಿಗೂ ಎರಡು ದಿನ ಒಯ್ದಿದ್ದ, ಈಗ ಮತ್ತೆ. ಲಗ್ನ ಮಾಡಿಕೊಟ್ಟ ಮೇಲೆ ಇಷ್ಟು ಸಲ ಕರೆಯುವುದು ಯಾವ ಊರಿನ ಪದ್ಧತಿಯೋ.

"ಅಕ್ಕಾ, ನೀವೂ ಬರ್ರಿ" ಅಂದಳು ಸ್ವಪ್ನಾ. "ಅವ್ವ ಹೇಳಿ ಕಳಿಸ್ಯಾಳ, ದೊಡ್ಡ ಮಗಳನ್ನೂ ಕರಕೊಂಡ ಬಾ ಅಂತ."

ಇಬ್ಬರೂ ಹೋದರೆ ಅಂಗಡಿ ಯಾರು ನೋಡಬೇಕು? ಮುಂದಿನ ಪಂಚಮಿಗೆ ನೋಡೋಣ ಅಂದೆ. ಸಕ್ಕರೆ ಆರತಿಯ ಬೊಂಬೆಗಳನ್ನು ನಾನೇ ಎರೆದು, ಒಡೆಯದಂತೆ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಕಾರಿನ ಬಾಗಿಲಿಗೆ ಹೋಗಿ ಮೌನೇಶನಿಗೆ ಸ್ಪಷ್ಟವಾಗಿ ಹೇಳಿದೆ, "ನೋಡಪಾ, ನಾಕ ದಿವಸ ಅಂದ್ರ ನಾಕ ದಿವಸ. ಐದನೇದಕ್ಕ ತಂದು ಬಿಡಬೇಕು. ನಮ್ಮಾಕಿ ಅದಾಳ ಈಗ."

ಆತ ನಕ್ಕ. ನಗುವಂಥದ್ದು ನಾನೇನೂ ಅಂದಿರಲಿಲ್ಲ.

6 ನವೆಂಬರ್, ಗುರುವಾರ

ಅಂಗಡಿಯಲ್ಲಿ ಒಬ್ಬಳೇ. ಮಹಾಬಳೇಶ್ವರ ಫೋನ್ ಮಾಡಿ ಸಣ್ಣ ಬಾಯಾರ ನಂಬರು ಕೊಡಿ ಅಂದ. ಹಬ್ಬಕ್ಕೆ ತವರಿಗೆ ಹೋದವಳನ್ನು ಕಾಡಬೇಡ, ಏನಿದ್ದರೂ ನನಗೆ ಹೇಳು ಎಂದು ಜಬರಿಸಿದೆ. ಹೋದಾಗಿನಿಂದ ಅವಳಿಗೆ ನಾನು ಮೂರು ಸಲವಷ್ಟೇ ಫೋನ್ ಮಾಡಿದ್ದೇನೆ, ಮೂರೂ ಕೆಲಸದ ಮಾತು. ಮೂರನೆಯ ಸಲ ಅವಳ ಅವ್ವನೇ ಎತ್ತಿಕೊಂಡು ಬಹಳ ಹೊತ್ತು ಮಾತಾಡಿಸಿದರು, ಬಿಡಲೇ ಇಲ್ಲ.

ರಾತ್ರಿ ರೊಟ್ಟಿ ನಾನೇ ಬಡಿದೆ, ಒಂದಿಷ್ಟು ದಪ್ಪ. ಅತ್ತೆ ಹಾಲಿನಲ್ಲಿ ಹಾಕಿ ಬಾಯಿಗಿಟ್ಟು, "ಆಕಿಗೆ ಬಂದಂಗ ನಿನಗ ಬರೂದಿಲ್ಲ ನೋಡ" ಅಂದರು. ಮೊದಲಾಗಿದ್ದರೆ ಮೈ ಉರಿಯುತ್ತಿತ್ತು. ಇವತ್ತು ಹೌದಲ್ಲ, ಅವಳ ರೊಟ್ಟಿಯೇ ಬೇರೆ ಅನ್ನಿಸಿತು.

"ಸ್ವಪ್ನಾ ಯಾವಾಗ ಬರತಾಳವಾ?" ಎಂದು ಕೇಳಿದರು.

ನನಗೇನು ಗೊತ್ತು, ನಾನೇನು ಅವಳ ದಾರಿ ಕಾಯುತ್ತ ಕೂತಿದ್ದೇನೆಯೇ ಅಂದೆ.

ಬರುವುದು ಶನಿವಾರ. ಮೌನೇಶನ ಕಾರು ಗ್ಯಾರೇಜಿನಲ್ಲಿದೆ, ಅದಕ್ಕೆ ರಾಮನಗರದಿಂದ ಹತ್ತೂವರೆಯ ಬಸ್ಸು. ಕಿಟಕಿ ಪಕ್ಕದ ಸೀಟು ಹಿಡಿ ಎಂದು ಹೇಳಿದ್ದೇನೆ.